ಆಕ್ಟೋಪಸ್ ಇರುವುದು ಜೊತೆಗಾರನಿಗೆ

ಪ್ರಶ್ನೆ: ನಾನು ಶಿಡ್ಲಘಟ್ಟದವನು, ರೇಷ್ಮೆ ರೀಲಿಂಗ್ ಘಟಕ ನಡೆಸುತ್ತೇನೆ. ಹೋದ ವರ್ಷ ನಾನೂ ಗೌರಿಬಿದನೂರಿನ ನನ್ನ ಬಾಮೈದನೂ ಸ್ಕೂಬಾ ಡೈವಿಂಗಿನ ಓಪನ್ ವಾಟರ್ ಕೋರ್ಸ್ ಮುಗಿಸಿದೆವು. ಮಳೆಗಾಲ ಕಳೆದ ಮೇಲೆ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದೇವೆ, ಅಷ್ಟರೊಳಗೆ ಸ್ವಂತ ರೆಗ್ಯುಲೇಟರ್ ಕೊಳ್ಳುವ ಆಸೆ. ಬ್ಯಾಕಪ್‌ಗೆ ಏನು ತೆಗೆದುಕೊಳ್ಳಬೇಕೆಂಬುದೇ ತಿಳಿಯುತ್ತಿಲ್ಲ. ಕಲಿಸಿದವರು ಹಳದಿ ಆಕ್ಟೋಪಸ್ ಸಾಕು ಅನ್ನುತ್ತಾರೆ. ಅಂಗಡಿಯವರು ಇನ್‌ಫ್ಲೇಟರಿನಲ್ಲೇ ಸೇರಿಕೊಂಡಿರುವುದು ಒಳ್ಳೆಯದು, ಒಂದು ಹೋಸ್ ಕಡಿಮೆಯಾಗುತ್ತದೆ ಅನ್ನುತ್ತಾರೆ. ಬೆಂಗಳೂರಿನ ಗೆಳೆಯ ಎರಡು ಮೀಟರ್ ಹೋಸ್ ಹಾಕಿಸು ಅನ್ನುತ್ತಾನೆ. ನನ್ನ ಹೆಂಡತಿ, "ಇಷ್ಟು ದುಡ್ಡು ಹಾಕ್ತೀರಲ್ಲ, ಇನ್ನೊಂದು ಪುಟ್ಟ ಸಿಲಿಂಡರ್ ಇಟ್ಕೊಂಡ್ರೆ ಏನು ಕಷ್ಟ?" ಅಂತಾಳೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಮನೆಯವರ ಮಾತಿನಿಂದಲೇ ಶುರುಮಾಡುತ್ತೇನೆ. ಉಳಿದ ಮೂವರೂ ಹೋಸ್ ಬಗ್ಗೆ ಮಾತಾಡಿದ್ದಾರೆ. ಗಾಳಿಯ ಬಗ್ಗೆ ಕೇಳಿದವರು ಅವರೊಬ್ಬರೇ.

ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು ಫಸ್ಟ್ ಸ್ಟೇಜ್ ಸುತ್ತಲಿನ ನೀರಿನ ಒತ್ತಡಕ್ಕಿಂತ 10 ಬಾರ್‌ನಷ್ಟು ಮೇಲಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಉಸಿರಾಡುವ ಹದಕ್ಕೆ ತರುತ್ತದೆ. ಆಕ್ಟೋಪಸ್ ಎಂದರೆ ಅದೇ ಫಸ್ಟ್ ಸ್ಟೇಜಿಗೆ ಜೋಡಿಸಿದ ಇನ್ನೊಂದು ಸೆಕೆಂಡ್ ಸ್ಟೇಜ್. ನಿಮ್ಮ ಸಿಲಿಂಡರ್ ಖಾಲಿಯಾದರೆ ನಿಮ್ಮ ಆಕ್ಟೋಪಸ್ಸೂ ಖಾಲಿ. ಅದು ನಿಮ್ಮ ಬಾಮೈದನಿಗಾಗಿ ಇರುವುದು. ನಿಮ್ಮ ಜೀವ ಕಾಯುವ ಆಕ್ಟೋಪಸ್ ಅವರ ಎದೆಯ ಮೇಲಿರುತ್ತದೆ. ಆದ್ದರಿಂದ ನೀವೊಬ್ಬರೇ ಕೂತು ತೀರ್ಮಾನಿಸುವ ಖರೀದಿ ಇದಲ್ಲ. ಇಬ್ಬರೂ ಒಂದೇ ಬಗೆಯದನ್ನು, ಒಂದೇ ಕಡೆ ಕಟ್ಟಿಕೊಳ್ಳಬೇಕು. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೊ ಮತ್ತು ಗನ್ಯಾನ್ ಆಕ್ವಾಲಂಗ್ ಎಂಬ ಉಸಿರಾಟದ ಸಾಧನ ರೂಪಿಸಿದ ಮೇಲೂ ಬಹಳ ವರ್ಷ ಒಬ್ಬರಿಗೆ ಒಂದೇ ಮೌತ್‌ಪೀಸ್ ಇತ್ತು. ಜೊತೆಗಾರನ ಗಾಳಿ ಮುಗಿದರೆ ಒಂದನ್ನೇ ಸರದಿಯ ಮೇಲೆ ಬಾಯಿಂದ ಬಾಯಿಗೆ ದಾಟಿಸುತ್ತ ಮೇಲೆ ಬರಬೇಕಿತ್ತು. ಗಾಬರಿಯಾದವನು ಅದನ್ನು ವಾಪಸ್ ಕೊಡುವುದು ಸುಲಭವಲ್ಲ. ಆ ಕಷ್ಟ ತಪ್ಪಿಸಲು ಬಂದದ್ದು ಆಕ್ಟೋಪಸ್.

ಈಗ ಲೆಕ್ಕ. ನಿಮ್ಮ ಕೋರ್ಸಿನ ಮಿತಿ 18 ಮೀಟರ್, ಅಲ್ಲಿನ ಒತ್ತಡ 2.8 ಬಾರ್. ಹೆದರಿದ ಮನುಷ್ಯನಿಗೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 30 ಲೀಟರ್ ಎಂದುಕೊಳ್ಳಿ. ಇಬ್ಬರು ಒಂದೇ ಸಿಲಿಂಡರಿನಿಂದ ಉಸಿರಾಡಿದರೆ ಆ ಆಳದಲ್ಲಿ ನಿಮಿಷಕ್ಕೆ 168 ಲೀಟರ್ ಖರ್ಚು. ಸಾಮಾನ್ಯವಾಗಿ ಸಿಗುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 50 ಬಾರ್ ಉಳಿದಿದ್ದರೆ ಇರುವುದು 550 ಲೀಟರ್. ಒಬ್ಬರನ್ನೊಬ್ಬರು ಹಿಡಿದು ಸಾವರಿಸಿಕೊಳ್ಳಲು ಒಂದು ನಿಮಿಷ, ನಿಮಿಷಕ್ಕೆ 9 ಮೀಟರಿನಂತೆ ಮೇಲೇಳಲು ಎರಡು ನಿಮಿಷ: 400 ಲೀಟರ್ ಹೋಯಿತು. 5 ಮೀಟರಿನಲ್ಲಿ ನಿಲ್ಲಬೇಕಾದ ಮೂರು ನಿಮಿಷಕ್ಕೆ 270 ಲೀಟರ್ ಬೇಕು, ಅದು ಅಲ್ಲಿಲ್ಲ. ಅಂದರೆ ಯಾವ ಬ್ಯಾಕಪ್ ಕೊಂಡರೂ, ಆ ಆಳದಲ್ಲಿ ಇಬ್ಬರಲ್ಲಿ ಯಾರ ಗೇಜ್ 80 ಬಾರ್ ಮುಟ್ಟಿದರೂ ಇಬ್ಬರೂ ಮೇಲೇಳಲೇಬೇಕು. ದೋಣಿ ಹತ್ತುವಾಗ 50 ಬಾರ್ ಇರಲಿ ಎಂದು ನಿಮಗೆ ಕಲಿಸಿದ್ದು ಇದಕ್ಕೇ.

ಮನೆಯವರು ಹೇಳುವ ಪುಟ್ಟ ಸಿಲಿಂಡರಿಗೂ ಇದೇ ಲೆಕ್ಕ ಹಾಕಿ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕವು ಬರುತ್ತವಲ್ಲ, ಅವುಗಳಲ್ಲಿ ಹಿಡಿಸುವುದು 85 ಲೀಟರಿನಷ್ಟು. 18 ಮೀಟರಿನಲ್ಲಿ ಹೆದರಿದ ಒಬ್ಬನಿಗೆ ಅದು ಒಂದು ನಿಮಿಷ. ಅದನ್ನು ನಂಬಿ ನೀರಿಗಿಳಿಯಬೇಡಿ. ನಿಜವಾಗಿ ಕೈ ಹಿಡಿಯುವುದು 3 ಲೀಟರಿನ ಪೋನಿ ಸಿಲಿಂಡರ್. ಅದಕ್ಕೆ ತನ್ನದೇ ಫಸ್ಟ್ ಸ್ಟೇಜ್ ಇರುತ್ತದೆ, 200 ಬಾರ್ ತುಂಬಿದರೆ 600 ಲೀಟರ್. ಒಬ್ಬರು ನಿಧಾನವಾಗಿ, ನಿಲ್ಲಬೇಕಾದಲ್ಲಿ ನಿಂತು ಮೇಲೆ ಬರಲು ಧಾರಾಳ ಸಾಕು. ಆಳಕ್ಕೆ ಇಳಿಯುವವರು, ಜೊತೆಗಾರರ ಮೇಲೆ ಭರವಸೆ ಇಡಲಾಗದವರು ಅದನ್ನು ಒಯ್ಯುತ್ತಾರೆ. ನಿಮಗೆ ಈಗಲೇ ಅದು ಹೊರೆ. ಮನೆಯವರಿಗೆ ಈ ಲೆಕ್ಕವನ್ನು ಕೂರಿಸಿಕೊಂಡು ತೋರಿಸಿ. ಅವರ ಭಯಕ್ಕೆ ಕಾರಣವಿದೆ, ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಇನ್‌ಫ್ಲೇಟರಿನಲ್ಲಿ ಸೇರಿಕೊಂಡಿರುವ ರೆಗ್ಯುಲೇಟರ್ ಕೆಟ್ಟದ್ದೇನಲ್ಲ. ಆದರೆ ಅದು ತೇಲುವಿಕೆ ಹೊಂದಿಸುವ ಬಿಸಿಡಿ ಜಾಕೆಟ್ಟಿಗೆ ಗಾಳಿ ತುಂಬುವ ಇನ್‌ಫ್ಲೇಟರಿನ ಜಾಗದಲ್ಲೇ ಕೂರುತ್ತದೆ, ಅದರ ಕನೆಕ್ಟರಿನ ಅಳತೆಯೂ ಬೇರೆ. ನೀವು ಕೊಳ್ಳುತ್ತಿರುವುದು ರೆಗ್ಯುಲೇಟರ್ ಮಾತ್ರ. ಜಾಕೆಟ್ ಬಾಡಿಗೆಯದಾದರೆ ಅಲ್ಲಿಗೆ ಆ ಮಾತು ಮುಗಿಯಿತು. ಜಾಕೆಟ್ ಸ್ವಂತದ್ದಾದರೂ ಯೋಚಿಸಿ: ಬಾಯಲ್ಲಿರುವುದನ್ನು ಜೊತೆಗಾರನಿಗೆ ಕೊಟ್ಟು ನೀವು ಇನ್‌ಫ್ಲೇಟರಿನಿಂದ ಉಸಿರಾಡಬೇಕು, ಮೇಲೇಳುತ್ತ ಅದೇ ಗಿಡ್ಡ ಕೊಳವೆಯಿಂದ ಜಾಕೆಟ್ಟಿನ ಗಾಳಿಯನ್ನೂ ಬಿಡಬೇಕು. ಹೊಸಬರಿಗೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ.

ಗೆಳೆಯ ಹೇಳಿದ ಎರಡು ಮೀಟರ್ ಹೋಸ್ ಹುಟ್ಟಿದ್ದು ಫ್ಲೋರಿಡಾದ ನೀರಿನಡಿಯ ಗುಹೆಗಳಲ್ಲಿ. ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಈಜುವಾಗ ಗಾಳಿ ಹಂಚಲು ಅಷ್ಟು ಉದ್ದ ಬೇಕಾಯಿತು. ಅದರ ಹಿಂದಿನ ಯೋಚನೆ ನನಗೆ ಬಹಳ ಇಷ್ಟ: ಉದ್ದ ಹೋಸಿನದು ನಿಮ್ಮ ಬಾಯಲ್ಲೇ ಇರುತ್ತದೆ, ಕೊಡುವುದೂ ಅದನ್ನೇ. ಅದು ಕೆಲಸ ಮಾಡುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ, ಏಕೆಂದರೆ ಈಗಷ್ಟೇ ನೀವು ಅದರಿಂದ ಉಸಿರಾಡಿದ್ದೀರಿ. ಅದನ್ನು ಕೊಟ್ಟ ಮೇಲೆ ನೀವು ಕಚ್ಚುವ ಇನ್ನೊಂದು ಕತ್ತಿನಲ್ಲಿ ಎಲಾಸ್ಟಿಕ್ ದಾರಕ್ಕೆ ಗಲ್ಲದ ಕೆಳಗೇ ತೂಗುತ್ತಿರುತ್ತದೆ. ಮುಂದೆಂದಾದರೂ ಇಬ್ಬರೂ ಬಲ್ಲವರಿಂದ ಅದನ್ನು ಕಲಿತರೆ ಬದಲಾಯಿಸಿಕೊಳ್ಳಿ, ತೆರೆದ ಸಮುದ್ರಕ್ಕೆ ಒಂದೂವರೆ ಮೀಟರ್ ಸಾಕು.

ಸದ್ಯಕ್ಕೆ ನಿಮಗೆ ಕಲಿಸಿದವರ ಮಾತೇ ನನ್ನದೂ. ಹಳದಿ ಆಕ್ಟೋಪಸ್, ಮೀಟರ್ ಉದ್ದದ ಹಳದಿ ಹೋಸ್. ಗಲ್ಲದಿಂದ ಪಕ್ಕೆಲುಬಿನ ಕೊನೆಯವರೆಗಿನ ತ್ರಿಕೋನದೊಳಗೆ, ಒಂದೇ ಎಳೆತಕ್ಕೆ ಕಳಚುವಂತೆ ಸಿಕ್ಕಿಸಿರಬೇಕು, ಜೇಬಿನೊಳಗೆ ತುರುಕಬೇಡಿ. ಬಳಸುವುದು ಯಾವತ್ತೋ ಒಂದು ದಿನ ಎಂದು ಅಗ್ಗದ್ದನ್ನು ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಒಂದು ದಿನ ಅದನ್ನು ಕಚ್ಚುವವನು ಏದುಸಿರು ಬಿಡುತ್ತಿರುತ್ತಾನೆ, ಅವನಿಗೆ ಹೆಚ್ಚು ಗಾಳಿ ಬೇಕು. ಹಣ ಉಳಿಸಬೇಕಿದ್ದರೆ ಡೈವ್ ಕಂಪ್ಯೂಟರಿನ ಬಣ್ಣದ ಪರದೆಯಲ್ಲಿ ಉಳಿಸಿ.

ದೋಣಿಯಿಂದ ಇಳಿಯುವ ಮುಂಚೆ ಪ್ರತಿ ಸಲವೂ ಒಬ್ಬರ ಆಕ್ಟೋಪಸ್ಸಿನಿಂದ ಇನ್ನೊಬ್ಬರು ನಾಲ್ಕು ಉಸಿರು ಎಳೆಯಿರಿ, ಕಣ್ಣು ಗೇಜಿನ ಮೇಲಿರಲಿ. ಎಳೆದಾಗಲೆಲ್ಲ ಮುಳ್ಳು ಕೆಳಗೆ ಬಿದ್ದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಆಕ್ಟೋಪಸ್ ಬಾಯಿಗೆ ಇಡುವ ಅಭ್ಯಾಸ ಮಾಡುವಾಗ ಇನ್ನೊಂದು ಎಚ್ಚರ. ನಮ್ಮ ಕಡೆಯ ಬಹಳ ಜನ ಬಾವಿಯಲ್ಲಿ ಈಜು ಕಲಿತವರು, ಮುಳುಗಿ ಉಸಿರು ಬಿಗಿಹಿಡಿಯುವುದು ಮೈಗೆ ಅಂಟಿರುತ್ತದೆ. ಸಿಲಿಂಡರಿನ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆದ್ದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯುತ್ತದೆ. ಬಾಯಲ್ಲಿ ರೆಗ್ಯುಲೇಟರ್ ಇಲ್ಲದ ಆ ಎರಡು ಮೂರು ಕ್ಷಣ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು.

ಊರಿಗೆ ತಂದ ಮೇಲೆ ತೊಳೆಯಲು ಬೋರ್‌ವೆಲ್ಲಿನ ಗಡಸು ನೀರು ಬೇಡ, ಉಪ್ಪು ಹೋದ ಜಾಗದಲ್ಲಿ ಸುಣ್ಣ ಕೂರುತ್ತದೆ. ಕೊನೆಯ ನೆನೆಸುವಿಕೆಗೆ ಕುಡಿಯುವ ನೀರಿನ ಕ್ಯಾನ್ ಒಂದನ್ನು ಮೀಸಲಿಡಿ. ಫಸ್ಟ್ ಸ್ಟೇಜಿನ ಮುಚ್ಚಳ ಬಿಗಿಯಾಗಿರಲಿ, ನೆನೆಸಿಟ್ಟಿರುವಾಗ ಸೆಕೆಂಡ್ ಸ್ಟೇಜಿನ ಪರ್ಜ್ ಗುಂಡಿ ಒತ್ತಬೇಡಿ. ವರ್ಷಕ್ಕೊಮ್ಮೆ ಸರ್ವೀಸಿಗೆ ಕೊಡುವಾಗ ಆಕ್ಟೋಪಸ್ಸನ್ನೂ ಬಿಚ್ಚಿಸಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ನಿಮ್ಮ ಹತ್ತಿರ ಸಾಮಾನು ಇದೆ ಎಂದು ಗೊತ್ತಾದರೆ, ಚಿಂತಾಮಣಿ ಕಡೆಯ ಬಾವಿಗೋ ಚಿಕ್ಕಬಳ್ಳಾಪುರದ ಕಲ್ಲುಕ್ವಾರಿ ಹೊಂಡಕ್ಕೋ ಯಾರೋ ಬಿದ್ದ ದಿನ ನಿಮ್ಮ ಮನೆ ಬಾಗಿಲಿಗೆ ಜನ ಬರುತ್ತಾರೆ. ಹೋಗಬೇಡಿ. ಕೆಸರು ಕದಡಿ ಕೈ ಕಾಣದ ಆ ನೀರಿನಲ್ಲಿ ನಿಮ್ಮ ಪಕ್ಕ ಆಕ್ಟೋಪಸ್ ಕೊಡುವ ಬಾಮೈದ ಇರುವುದಿಲ್ಲ, ಕೊಂಡದ್ದೆಲ್ಲ ಅಲ್ಲಿ ವ್ಯರ್ಥ. 112ಕ್ಕೆ ಫೋನ್ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿ, ಅವರು ಬರುವ ತನಕ ಬೇರೆ ಯಾರೂ ಇಳಿಯದಂತೆ ದಡದಲ್ಲಿ ನಿಂತು ತಡೆಯಿರಿ.