ವಾದ್ಯದಿಂದ ಗಣಕಯಂತ್ರಕ್ಕೆ ನಾದಗಳನ್ನು ಸಾಗಿಸುವ ಕ್ರಮ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಮುಂತಾದ ಕಡೆಗಳಲ್ಲಿ ಸಭೆಯ ಗಾಯನಕ್ಕೂ ಶಾಲೆಯ ಗಾಯನಕ್ಕೂ ವಾದ್ಯ ನುಡಿಸುವವರಾಗಿದ್ದಾರೆ. ಹಿಂದೆ ಅವರ ಮುಂದೆ ಹಾರ್ಮೋನಿಯಮ್ ಇರುತ್ತಿತ್ತು. ಈಗ ಹಲವು ಕಡೆಗಳಲ್ಲಿ ಅದರ ಸಂಗಡ ಕೀಬೋರ್ಡು ಇಲ್ಲವೆ ಸಿಂಥಸೈಜರ್ ಇರುವದು. ಹಾರ್ಮೋನಿಯಮಿನ ನಾದವು ಅದರ ಹಿತ್ತಾಳೆಯ ರೀಡುಗಳಲ್ಲಿ ನೆಲೆಸಿದೆ. ಸಿಂಥಸೈಜರಿನ ನಾದವಾದರೋ ಅಂಕಿಗಳಲ್ಲಿ ನೆಲೆಸಿದೆ. ಒಬ್ಬಾಕೆಯು ಎಷ್ಟೋ ಸಾಯಂಕಾಲಗಳನ್ನು ವೆಚ್ಚಮಾಡಿ, ಸಭೆಯವರ ಕಿವಿಗೆ ಒಪ್ಪುವ ಹಾಗೆ ಒಂದು ನಾದವನ್ನು ತಿದ್ದಿ ಇಟ್ಟಿರುತ್ತಾಳೆ. ಹಳೆಯ ವಾದ್ಯದೊಳಗಿನ ಬ್ಯಾಟರಿ ತೀರಿದರೆ, ಅಥವಾ ದುರಸ್ತಿಯ ವೇಳೆಯಲ್ಲಿ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಿರುಗಿಸಿದರೆ, ಆ ದುಡಿಮೆಯೆಲ್ಲ ಒಂದು ಕ್ಷಣದಲ್ಲಿ ಅಳಿಯುವದು. ಅದನ್ನು ಕಾಪಾಡುವ ಉಪಾಯವನ್ನು ಪ್ರತಿಯೊಬ್ಬ ವಾದಕಿಯೂ ತಿಳಿದಿರತಕ್ಕದ್ದು. ಪಾಲಕರೂ ಇದನ್ನು ಓದಿದರೆ ತಮ್ಮ ಮಕ್ಕಳಿಗೆ ಸಹಾಯವಾಗುವದು.

೧. ಪ್ಯಾಚ್ ಎಂದರೇನು?

ಅಮೇರಿಕದಲ್ಲಿ ರಾಬರ್ಟ್ ಮೂಗ್ ಎಂಬವರು ೧೯೬೪ರಿಂದ ಮುಂದೆ ರಚಿಸಿದ ಸಿಂಥಸೈಜರುಗಳಲ್ಲಿ ನಾದವನ್ನು ಹುಟ್ಟಿಸುವ ಭಾಗ, ಸೋಸುವ ಭಾಗ, ಏರಿಳಿಸುವ ಭಾಗಗಳು ಬೇರೆಬೇರೆಯಾಗಿದ್ದವು. ಅವುಗಳನ್ನು ತಂತಿಗಳಿಂದ ಜೋಡಿಸುವದಕ್ಕೆ ಪ್ಯಾಚ್ ಎಂಬ ಹೆಸರು ಬಂದಿತು. ಅಂಥ ಒಂದು ವಾದ್ಯವನ್ನು ೧೯೬೯ರಲ್ಲಿ ಡೇವಿಡ್ ಟ್ಯೂಡರ್ ಎಂಬ ಅಮೇರಿಕದ ಸಂಗೀತಗಾರರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ನಾದರಚನೆಗಳನ್ನು ಮಾಡಿದರು. ಆ ಧ್ವನಿಮುದ್ರಣದ ಟೇಪುಗಳು ಉಳಿದಿವೆ. ಆದರೆ ಆ ಬಗೆಯ ವಾದ್ಯಕ್ಕೆ ಸ್ವಂತ ನೆನಪು ಇರಲಿಲ್ಲ. ತಂತಿಗಳನ್ನು ಕಿತ್ತ ಕೂಡಲೇ ನಾದವೂ ವಾದ್ಯವನ್ನು ಬಿಟ್ಟು ಹೋಗುತ್ತಿತ್ತು. ಆ ಕಾಲದ ವಾದಕರು ತಿರುಗುಗುಂಡಿಗಳ ಸ್ಥಾನಗಳನ್ನು ಕಾಗದದ ಮೇಲೆ ಗುರುತುಮಾಡಿ ಇಟ್ಟುಕೊಳ್ಳುತ್ತಿದ್ದರು.

೧೯೭೮ರಲ್ಲಿ ಹೊರಬಂದ ಪ್ರಾಫೆಟ್-೫ ಎಂಬ ಸಿಂಥಸೈಜರು ೪೦ ಪ್ಯಾಚ್‌ಗಳನ್ನು ತನ್ನೊಳಗೇ ಅಂಕಿಗಳಾಗಿ ಇಟ್ಟುಕೊಳ್ಳಬಲ್ಲದಾಗಿತ್ತು. ಅಂದಿನಿಂದ ಪ್ಯಾಚ್ ಎಂದರೆ ತಂತಿಗಳ ಜೋಡಣೆಯಲ್ಲ, ಅಂಕಿಗಳ ಪಟ್ಟಿ ಎಂಬ ಅರ್ಥವು ನೆಲೆಗೊಂಡಿತು.

ಇದನ್ನು ನಮ್ಮ ನವಲಗುಂದದ ಜಮಖಾನೆಯಿಂದ ತಿಳಿಯಬಹುದು. ಮಗ್ಗದ ಮುಂದೆ ಕುಳಿತ ಹೆಣ್ಣುಮಗಳು ಯಾವ ಬಣ್ಣದ ನೂಲನ್ನು ಎಷ್ಟು ಎಳೆ ದಾಟಿಸಿದರೆ ನವಿಲು ಮೂಡುವದೆಂಬದನ್ನು ಬಲ್ಲಳು. ಆ ಲೆಕ್ಕವನ್ನು ಬರೆದುಕೊಂಡರೆ ಅದು ಜಮಖಾನೆಯಲ್ಲ. ಅದನ್ನು ನೆಲಕ್ಕೆ ಹಾಸಲಾಗದು. ಆದರೆ ಅಂಥದೇ ಮಗ್ಗ, ಅಂಥದೇ ನೂಲು ಸಿಕ್ಕಲ್ಲಿ ಆ ಲೆಕ್ಕದಿಂದ ಅದೇ ನವಿಲನ್ನು ಮತ್ತೆ ನೆಯ್ಯಬಹುದು. ಪ್ಯಾಚ್ ಎಂಬದು ಇಂಥ ಲೆಕ್ಕವು, ನಾದವಲ್ಲ. ಈ ಪಾಠದ ಮುಖ್ಯ ತಿಳುವಳಿಕೆಯು ಇದೇ.

೨. ಅಂಕಿಗಳು ಸಾಗುವ ದಾರಿ

ಮೊದಲು ಒಂದು ಕಂಪನಿಯ ವಾದ್ಯವು ಮತ್ತೊಂದರ ಮಾತನ್ನು ಅರಿಯುತ್ತಿರಲಿಲ್ಲ. ಅಮೇರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೋ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ ಮಿಡಿ ಎಂಬ ಸಾಮಾನ್ಯ ಭಾಷೆಯು ಏರ್ಪಟ್ಟಿತು. ೧೯೮೩ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಒಂದು ಪ್ರದರ್ಶನದಲ್ಲಿ ಎರಡು ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ಒಂದು ತಂತಿಯಿಂದ ಕೂಡಿಸಿ, ಒಂದನ್ನು ನುಡಿಸಿದರೆ ಮತ್ತೊಂದೂ ನುಡಿಯುವದನ್ನು ತೋರಿಸಿದರು.

ಮಿಡಿಯ ತಂತಿಯೊಳಗೆ ನಾದವು ಹರಿಯುವದಿಲ್ಲ. ಆಜ್ಞೆಗಳು ಮಾತ್ರ ಹರಿಯುವವು. ಅವು ಎರಡು ವಿಧ. ಎಲ್ಲ ವಾದ್ಯಗಳಿಗೂ ತಿಳಿಯುವ ಆಜ್ಞೆಗಳು ಒಂದನೆಯವು: ಯಾವ ಮನೆಯನ್ನು ಒತ್ತಿದರು, ಎಷ್ಟು ಬಲವಾಗಿ, ಯಾವಾಗ ಬಿಟ್ಟರು ಎಂಬವು. ಸಿಸ್ಟಮ್ ಎಕ್ಸ್‌ಕ್ಲೂಸಿವ್ ಎಂಬ ಖಾಸಗಿ ಸಂದೇಶಗಳು ಎರಡನೆಯವು. ವಾದ್ಯವು ಪ್ಯಾಚನ್ನು ಮಿಡಿಯ ತಂತಿಯಲ್ಲಿ ಕಳಿಸುವದು ಈ ಎರಡನೆಯ ಬಗೆಯಲ್ಲಿಯೇ. ಇಂಥ ಸಂದೇಶವನ್ನು ಒಂದು ಲಕೋಟೆಗೆ ಹೋಲಿಸಬಹುದು. ೨೪೦ ಎಂಬ ಅಂಕಿಯಿಂದ ಅದು ತೆರೆಯುವದು; ೨೪೭ ಎಂಬ ಅಂಕಿಯಿಂದ ಮುಚ್ಚುವದು. ತೆರೆದ ಕೂಡಲೇ ಕಂಪನಿಯ ಗುರುತಿನ ಸಂಖ್ಯೆ ಬರುವದು: ರೋಲ್ಯಾಂಡಿಗೆ ೬೫, ಕೊರ್ಗಿಗೆ ೬೬, ಯಮಹಾಕ್ಕೆ ೬೭. ತನ್ನ ವಿಳಾಸವಲ್ಲದ ಲಕೋಟೆಯನ್ನು ವಾದ್ಯವು ಒಡೆಯದೆ ಬಿಟ್ಟುಬಿಡುವದು.

೧೯೮೩ರ ಯಮಹಾ ಡಿ.ಎಕ್ಸ್.-೭ ಎಂಬ ವಾದ್ಯವನ್ನು ಉದಾಹರಣೆಗೆ ತಕ್ಕೊಳ್ಳಿರಿ. ಅದರಲ್ಲಿ ೩೨ ನಾದಗಳಿಗೆ ಸ್ಥಳವುಂಟು. ಕಳಿಸುವಾಗ ಒಂದೊಂದಕ್ಕೆ ೧೨೮ ಅಂಕಿಗಳು, ಅಂತೂ ೪,೦೯೬. ಲಕೋಟೆಗೂ ತಾಳೆನೋಡುವ ಅಂಕಿಗೂ ಕೂಡಿ ೮; ಒಟ್ಟು ೪,೧೦೪. ಹಳೆಯ ಮಿಡಿ ತಂತಿಯಲ್ಲಿ ಇಷ್ಟೆಲ್ಲ ಸಾಗುವದಕ್ಕೆ ಒಂದೂವರೆ ಸೆಕೆಂಡೂ ಬೇಡ. ತಿಂಗಳುಗಟ್ಟಲೆ ಮಾಡಿದ ದುಡಿಮೆಯನ್ನು ಇಷ್ಟು ಅಲ್ಪ ವೇಳೆಯಲ್ಲಿ ಭದ್ರಪಡಿಸಬಹುದೆಂದ ಮೇಲೆ ಆಲಸ್ಯಕ್ಕೆ ನೆವವೆಲ್ಲಿ?

೩. ಮಾಡತಕ್ಕ ಕ್ರಮ

ಮೊದಲನೆಯದಾಗಿ, ವಾದ್ಯದ ಕೈಪಿಡಿಯನ್ನು ಓದಿ, ಅದು ತನ್ನ ಪ್ಯಾಚ್‌ಗಳನ್ನು ಹೊರಗೆ ಕಳಿಸಬಲ್ಲದೋ ಎಂದು ನೋಡಬೇಕು. ಮನೆಬಳಕೆಯ ಅನೇಕ ಕೀಬೋರ್ಡುಗಳಲ್ಲಿ ನಾದಗಳನ್ನು ತಿದ್ದುವದಕ್ಕೆ ಬರುವದಿಲ್ಲ. ಆರಿಸುವದಕ್ಕೆ ಮಾತ್ರ ಬರುವದು. ಅಲ್ಲಿ ಸಾಗಿಸತಕ್ಕದ್ದೇನೂ ಇಲ್ಲ. ನಾದದ ಹೆಸರನ್ನೂ ಸಂಖ್ಯೆಯನ್ನೂ ಬರೆದಿಟ್ಟರೆ ಸಾಕು. ಕೆಲವು ವಾದ್ಯಗಳು ತಮ್ಮ ನಾದಗಳನ್ನು ಯು.ಎಸ್.ಬಿ. ಕಡ್ಡಿಗೆ ಬರೆಯುವವು; ಆ ಕಡತವನ್ನು ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು.

ಎರಡನೆಯದಾಗಿ, ಮಿಡಿಯಿಂದ ಕಳಿಸುವ ವಾದ್ಯವಾದರೆ ಅದರ ‘ಔಟ್’ ರಂಧ್ರವನ್ನು ಗಣಕಯಂತ್ರದ ಕಡೆಯ ‘ಇನ್’ ರಂಧ್ರಕ್ಕೂ, ಅದರ ‘ಇನ್’ ರಂಧ್ರವನ್ನು ಆ ಕಡೆಯ ‘ಔಟ್’ ರಂಧ್ರಕ್ಕೂ ಜೋಡಿಸಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಎಂಬದನ್ನು ನೆನಪಿನಲ್ಲಿಟ್ಟರೆ ತಪ್ಪಾಗದು. ಯು.ಎಸ್.ಬಿ. ತಂತಿಯಿದ್ದರೆ ಒಂದೇ ಸಾಕು.

ಮೂರನೆಯದಾಗಿ, ಗಣಕಯಂತ್ರದಲ್ಲಿ ಮಿಡಿ-ಆಕ್ಸ್ ಅಥವಾ ಸಿಸೆಕ್ಸ್ ಲೈಬ್ರೇರಿಯನ್ ಎಂಬಂಥ ತಂತ್ರಾಂಶವನ್ನು ತೆರೆದು, ಮೊದಲು ಅದನ್ನು ಕೇಳಿಸಿಕೊಳ್ಳುವದಕ್ಕೆ ಸಿದ್ಧಮಾಡಿ, ಆ ಮೇಲೆ ವಾದ್ಯದಲ್ಲಿ ಕಳಿಸುವ ಆಜ್ಞೆ ಕೊಡಬೇಕು. ಬಂದ ಕಡತದ ಗಾತ್ರವನ್ನು ಕೈಪಿಡಿಯೊಡನೆ ತಾಳೆನೋಡಿ, ತಾರೀಖು ಸಹಿತವಾಗಿ ಹೆಸರಿಟ್ಟು ಉಳಿಸಬೇಕು.

ನಾಲ್ಕನೆಯದು ಅತಿ ಮುಖ್ಯವು. ಹಿಂದಕ್ಕೆ ಕಳಿಸುವ ಮುಂಚೆ ವಾದ್ಯದಲ್ಲಿ ಈಗ ಇರುವದನ್ನು ತಪ್ಪದೆ ಉಳಿಸಿಕೊಳ್ಳಬೇಕು. ಹೊಸ ಪ್ಯಾಚ್‌ಗಳ ಗುಂಪು ಬಂದರೆ ಹಳೆಯದರ ಮೇಲೆಯೇ ಕುಳಿತುಕೊಳ್ಳುವದು; ಹಳೆಯದು ತಿರುಗಿ ಬಾರದು. ವಾದ್ಯವು ಸ್ವೀಕರಿಸದಿದ್ದರೆ ಅದರ ನೆನಪಿನ ಬೀಗವು ಹಾಕಿದೆಯೋ, ಉಪಕರಣದ ಸಂಖ್ಯೆಯು ಎರಡೂ ಕಡೆ ಒಂದೇ ಆಗಿದೆಯೋ ಎಂದು ನೋಡಬೇಕು.

೪. ಯಾವದು ಸಾಗುವದು, ಯಾವದು ಸಾಗದು?

ಕುಂದಗೋಳದ ಸವಾಯಿ ಗಂಧರ್ವರಲ್ಲಿ (೧೮೮೬–೧೯೫೨) ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಗುರು ಒಬ್ಬರೇ, ಘರಾಣೆ ಒಂದೇ. ಆದರೂ ಆ ಎರಡು ಕಂಠಗಳನ್ನು ಕೇಳಿದವರು ಒಂದನ್ನು ಮತ್ತೊಂದೆಂದು ಭ್ರಮಿಸುವದಿಲ್ಲ. ರಾಗವೂ ಚೀಜೂ ಗುರುವಿನಿಂದ ಶಿಷ್ಯರಿಗೆ ಸಾಗಿದವು. ಕಂಠವು ಅವರವರದೇ ಆಗಿ ಉಳಿಯಿತು. ವಾದ್ಯಗಳಲ್ಲಿಯೂ ಹೀಗೆಯೇ. ಸ್ವರಗಳನ್ನು ಬರೆದ ಮಿಡಿ ಕಡತವು ಎಲ್ಲ ಕಡೆಗೂ ಸಾಗುವದು. ನಾದಗುಣವು ಹಾಗೆ ಸಾಗದು.

೧೯೯೧ರ ಜನರಲ್ ಮಿಡಿ ಎಂಬ ಏರ್ಪಾಡಿನಲ್ಲಿ ೧೨೮ ನಾದಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿದರು: ೨೧ಕ್ಕೆ ರೀಡ್ ಆರ್ಗನ್, ೧೦೫ಕ್ಕೆ ಸಿತಾರ, ೧೧೨ಕ್ಕೆ ಶಹನಾಯಿ. ಇದರಿಂದ ಹೆಸರು ಮಾತ್ರ ಒಂದಾಯಿತು. ಒಂದು ವಾದ್ಯದ ೨೧ನೆಯ ನಾದವು ಹಾರ್ಮೋನಿಯಮಿನಂತೆ ಮೃದುವಾಗಿರಬಹುದು; ಇನ್ನೊಂದರದು ಕರ್ಕಶವಾಗಿರಬಹುದು.

ಹಾಗಾದರೆ ಪ್ಯಾಚ್ ಯಾರಿಗೆ ಸಲ್ಲುವದು? ನಾದವನ್ನು ಹುಟ್ಟಿಸುವ ರೀತಿಯು ಒಂದೇ ಆಗಿರುವ ವಾದ್ಯಕ್ಕೆ. ಕಂಪನಿಯ ಹೆಸರಿಗಿಂತ ಒಳಗಿನ ಕುಲವೇ ಮುಖ್ಯವು. ಕೊರ್ಗ್ ಕಂಪನಿಯ ವೋಲ್ಕಾ ಎಫ್.ಎಂ. ಎಂಬ ಚಿಕ್ಕ ವಾದ್ಯವೂ, ಡೆಕ್ಸೆಡ್ ಎಂಬ ಧರ್ಮಾರ್ಥವಾಗಿ ಸಿಕ್ಕುವ ತಂತ್ರಾಂಶವೂ ಯಮಹಾ ಡಿ.ಎಕ್ಸ್.-೭ರ ಪ್ಯಾಚ್‌ಗಳನ್ನು ಸ್ವೀಕರಿಸುವವು. ಯಾಕೆಂದರೆ ಅವು ಅದೇ ರೀತಿಯಲ್ಲಿ ನಾದವನ್ನು ಹುಟ್ಟಿಸುವಂತೆ ಬುದ್ಧಿಪೂರ್ವಕವಾಗಿ ರಚಿತವಾದವು. ಕುಲವು ಬೇರೆಯಾದಲ್ಲಿ ನಾದವನ್ನು ಒಂದೊಂದು ಮನೆಯಾಗಿ ಧ್ವನಿಮುದ್ರಿಸಿ ಸ್ಯಾಂಪಲ್ ಮಾಡಿಕೊಳ್ಳಬಹುದು. ಆದರೆ ಸ್ಯಾಂಪಲ್ ಎಂಬದು ಜಮಖಾನೆಯ ಫೋಟೋ ಇದ್ದ ಹಾಗೆ. ನೋಡುವದಕ್ಕೆ ಅದೇ, ಬಿಚ್ಚಿ ತಿರುಗಿ ನೆಯ್ಯುವದಕ್ಕೆ ಬಾರದು. ಇಲ್ಲವಾದರೆ ಹೊಸ ವಾದ್ಯದ ಮುಂದೆ ಕುಳಿತು, ಹಳೆಯ ನಾದವನ್ನು ಕೇಳುತ್ತ ಕೇಳುತ್ತ, ಕಿವಿಯಿಂದಲೇ ತಿದ್ದಬೇಕು.

೫. ವಾದಕಿಯರಿಗೆ ಸೂಚನೆ

ಕಡತದ ಎರಡು ನಕಲುಗಳು ಎರಡು ಬೇರೆ ಸ್ಥಳಗಳಲ್ಲಿ ಇರಲಿ. ಇದಲ್ಲದೆ ಒಂದು ನೋಟುಬುಕ್ಕಿನಲ್ಲಿ ನಾದದ ಹೆಸರು, ಸಂಖ್ಯೆ, ಅದು ಯಾವ ಗೀತಕ್ಕೆ, ಯಾವ ಶ್ರುತಿಗೆ ಎಂಬದನ್ನು ಸ್ವಚ್ಛವಾಗಿ ಬರೆದು ವಾದ್ಯದ ಪೆಟ್ಟಿಗೆಯಲ್ಲಿಯೇ ಇಡಿರಿ. ಹುಡುಗಿಯರು ಮದುವೆಯಾಗಿಯೂ ಉದ್ಯೋಗದ ನಿಮಿತ್ತವೂ ಪರಸ್ಥಳಕ್ಕೆ ಹೋಗುವದುಂಟು. ಹೋಗುವ ಮುಂಚೆ ಒಬ್ಬ ಚಿಕ್ಕವಳನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ಈ ಕೆಲಸವನ್ನು ಅವಳ ಕೈಯಿಂದಲೇ ಒಂದು ಸಾರೆ ಮಾಡಿಸಿರಿ. ಕಡತವು ಅಂಕಿಗಳನ್ನು ಕಾಯುವದು; ಯಾವ ನಾದವು ಸಭೆಯ ಹಾಡಿಗೆ ಒಪ್ಪುವದೆಂಬದನ್ನು ಬಲ್ಲ ಕಿವಿಯನ್ನು ಮಾತ್ರ ಮನುಷ್ಯರೇ ಮನುಷ್ಯರಿಗೆ ಕೊಡಬೇಕು.

ಪ್ರಶ್ನೆಗಳು

೧. ಪ್ಯಾಚಿಗೂ ನಾದಕ್ಕೂ ಇರುವ ಭೇದವನ್ನು ಜಮಖಾನೆಯ ದೃಷ್ಟಾಂತದಿಂದ ವಿವರಿಸಿರಿ.
೨. ಒಂದು ಕಂಪನಿಯ ಪ್ಯಾಚನ್ನು ಬೇರೆ ಕಂಪನಿಯ ವಾದ್ಯವು ಸಾಮಾನ್ಯವಾಗಿ ಯಾಕೆ ಸ್ವೀಕರಿಸುವದಿಲ್ಲ? ಯಾವಾಗ ಸ್ವೀಕರಿಸುವದು?
೩. ಹಿಂದಕ್ಕೆ ಕಳಿಸುವ ಮುಂಚೆ ಮಾಡತಕ್ಕ ಕೆಲಸವು ಯಾವದು?
೪. ನಿಮ್ಮ ಊರಿನ ವಾದ್ಯದಲ್ಲಿ ಉಳಿಸತಕ್ಕ ನಾದಗಳು ಎಷ್ಟಿವೆ? ಈ ವಾರವೇ ಪಟ್ಟಿ ಮಾಡಿರಿ.