ಅಕ್ಷರವೋ ಆಕಾರವೋ: ಹಳೆಯ ಗಣಕ ಕಡತಗಳ ಪಠ್ಯಸಮಸ್ಯೆ

2000ರ ದಶಕದಲ್ಲಿ ನುಡಿ, ಬರಹ ತಂತ್ರಾಂಶಗಳ ಅಂದಿನ ಫಾಂಟುಗಳಲ್ಲಿ ಸಿದ್ಧಗೊಂಡ ಸಂಶೋಧನ ಪ್ರಬಂಧವೊಂದನ್ನು ಹೊಸ ಗಣಕದಲ್ಲಿ ತೆರೆದ ಅಧ್ಯಾಪಕರಿಗೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಕಾಣುವುದುಂಟು. ಕಡತ ಕೆಟ್ಟಿರುವುದಿಲ್ಲ. ಆ ಫಾಂಟುಗಳು ರೋಮನ್ ಲಿಪಿಯ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಖಂಡಗಳ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲವಾದೊಡನೆ ಕನ್ನಡವೂ ಮರೆಯಾಗುತ್ತದೆ. ಯೂನಿಕೋಡ್ ದಾಖಲಿಸುವುದು ಅಕ್ಷರವನ್ನು.

ಪರಿವರ್ತನೆಯ ತೊಡಕು ಇಲ್ಲಿಯೇ ಇದೆ. ಹಳೆಯ ಕಡತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ವ್ಯಂಜನದ ಬಳಿಕ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರವೇ ಮೊದಲು. ಈ ಸ್ಥಾನಪಲ್ಲಟವನ್ನು ಪರಿವರ್ತಕ ತಂತ್ರಾಂಶ ನಿಭಾಯಿಸಬಲ್ಲದು. ಬೆರಳಚ್ಚುಗಾರರು ಅರ್ಕಾವತ್ತಿಗೆ ಒಂಬತ್ತರ ಅಂಕಿಯನ್ನೇ ಒತ್ತಿದ್ದರೆ ಮಾತ್ರ ಅದು ‘ಸವ೯’ ಎಂದು ಅಂಕಿಯಾಗಿಯೇ ಉಳಿದುಬಿಡುತ್ತದೆ. (ಬೆರಳಚ್ಚು ಯಂತ್ರದ ಕಾಲದ ಈ ರೂಢಿ ಇನ್ನೂ ಅಳಿದಿಲ್ಲ.) ಅನುಸ್ವಾರದ ಜಾಗದಲ್ಲಿ ಸೊನ್ನೆ ಬಿದ್ದಿದ್ದರಂತೂ ಕರಡು ತಿದ್ದುವವರಿಗೂ ಭೇದ ತಿಳಿಯದು, ‘ಪಂಪ’ ಎಂದು ಹುಡುಕಿದರೆ ಆ ಪುಟ ಸಿಗುವುದಿಲ್ಲ. ಪದಪ್ರಯೋಗಗಳನ್ನು ಎಣಿಸುವ ಸಂಶೋಧಕರಿಗೆ ಇದು ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಕ್ಕಿಂತ ಅಪಾಯಕರ. ಅದು ಕಣ್ಣಿಗಾದರೂ ಬೀಳುತ್ತದೆ.

ಮೂಲ ಕಡತವನ್ನು ಅದರ ಫಾಂಟಿನೊಡನೆ ಕಾಪಿಟ್ಟುಕೊಂಡು, ಪರಿವರ್ತಿತ ಪಠ್ಯದಲ್ಲಿ ಪದಗಳ ನಡುವೆ ಸೇರಿದ ಅಂಕಿಗಳನ್ನು ಹುಡುಕಿ, ಮುದ್ರಿತ ಪ್ರತಿಯೊಡನೆ ಹೋಲಿಸಿ ತಿದ್ದುವುದು ಉಚಿತ.