ಮರದ ಜೀವ ತೊಗಟೆಯ ಅಡಿಯಲ್ಲಿದೆ

ಕಸಿ ಕಟ್ಟುವವರು, ಬೇಲಿಯ ತಂತಿಯನ್ನು ಮರಕ್ಕೆ ಬಿಗಿಯುವವರು, ತೆಂಗು ಹತ್ತಲು ಕಚ್ಚು ಹಾಕುವವರು, ಎಲ್ಲರ ಕೈಯೂ ತಾಗುವುದು ಗಿಡದ ನಾಳಗಳಿಗೆ. ಈ ನಾಳ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಅಂತ ಗೊತ್ತಿದ್ದರೆ ಕೃಷಿಕರಿಗೆ ಎಷ್ಟೋ ನಷ್ಟ ತಪ್ಪುತ್ತದೆ. ಸಾಯುವ ಮರವನ್ನೂ ಕೆಲವೊಮ್ಮೆ ಉಳಿಸಿಕೊಳ್ಳಬಹುದು.

ಎರಡು ಬಗೆ ನಾಳ

ಬೇರಿನಿಂದ ಎಲೆಗೆ ನೀರು ಏರುವ ನಾಳ ಒಂದು. ಪುಸ್ತಕದಲ್ಲಿ ಇದಕ್ಕೆ ಕ್ಸೈಲಂ ಅಂತ ಹೆಸರು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೂ ಕಾಯಿಗೂ ಹೋಗುವ ನಾಳ ಇನ್ನೊಂದು, ಅದು ಫ್ಲೋಯಂ. ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿಕೊಳ್ಳುವ ನಾರು ಇದೆಯಲ್ಲ, ಅದು ಈ ನಾಳಗಳದೇ ಪಾಲು.

ನೀರಿನ ನಾಳದ ಜೀವಕೋಶಗಳು ಬಲಿಯುವಾಗ ಗೋಡೆ ಗಟ್ಟಿ ಮಾಡಿಕೊಂಡು ಸಾಯುತ್ತವೆ. ಒಳಗಿನದೆಲ್ಲ ಕರಗಿ ಟೊಳ್ಳು ಕೊಳವೆ ಉಳಿಯುತ್ತದೆ. ಸತ್ತ ಮೇಲೆಯೇ ಅದರ ಕೆಲಸ ಶುರು! ಸಕ್ಕರೆಯ ನಾಳ ಹಾಗಲ್ಲ, ಅದು ಜೀವಂತ ಇದ್ದರೆ ಮಾತ್ರ ಕೆಲಸ.

ದಾರಿ ತೋರಿಸುವುದು ಚಿಗುರು

ಕುಡಿಯ ತುದಿಯಲ್ಲಿ ಎಳೆ ಎಲೆ ಮೂಡುತ್ತಿದ್ದಂತೆ ಅದರ ಬುಡದಲ್ಲಿ ಉದ್ದುದ್ದನೆಯ ಕೋಶಗಳ ಎಳೆಯೊಂದು ಕಾಣಿಸಿಕೊಳ್ಳುತ್ತದೆ. ನಾಳದ ಮೊದಲ ರೂಪ ಅದೇ. ಎಳೆ ಎಲೆ, ಮೊಗ್ಗುಗಳಲ್ಲಿ ಆಕ್ಸಿನ್ ಎಂಬ ಚೋದಕ ತಯಾರಾಗಿ ಕೆಳಮುಖವಾಗಿ ಹರಿಯುತ್ತದೆ. ಅದು ಹರಿದ ದಾರಿಯೇ ಮುಂದೆ ನಾಳವಾಗುತ್ತದೆ. ಮಳೆನೀರು ಹರಿದು ಹರಿದು ಹೊಲದಲ್ಲಿ ಕಾಲುವೆ ಬಿದ್ದ ಹಾಗೆ. ಕಸಿಕಡ್ಡಿಯಲ್ಲಿ ಉಬ್ಬಿದ, ಜೀವ ಇರುವ ಮೊಗ್ಗು ಇರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಕಾಗದದಷ್ಟು ತೆಳು ಪದರ

ಮಾವು, ಹಲಸು, ದ್ರಾಕ್ಷಿಯಂಥ ದ್ವಿದಳ ಗಿಡಗಳಲ್ಲಿ ತೊಗಟೆಗೂ ಮರಕ್ಕೂ ನಡುವೆ ಕ್ಯಾಂಬಿಯಂ ಎಂಬ ಪದರ ಇದೆ. ಇದು ಒಳಕ್ಕೆ ನೀರಿನ ನಾಳ, ಹೊರಕ್ಕೆ ಸಕ್ಕರೆಯ ನಾಳ ಹುಟ್ಟಿಸುತ್ತಾ ಹೋಗುತ್ತದೆ. ನಾವು ಮರ, ನಾಟಾ ಅನ್ನುವುದೆಲ್ಲ ಹಳೆಯ ನೀರಿನ ನಾಳಗಳ ರಾಶಿ. ಹೊಟ್ಟೆ ಟೊಳ್ಳಾದ ಹುಣಸೆಯೂ ಕಾಯಿ ಬಿಡುವುದು ಇದೇ ಕಾರಣಕ್ಕೆ, ಅದರ ಜೀವ ಅಂಚಿನಲ್ಲಿದೆ. ಮಳೆ ಬಿದ್ದು ಚಿಗುರುವ ಕಾಲಕ್ಕೆ ತೊಗಟೆ ಸಲೀಸಾಗಿ ಏಳುತ್ತದೆ, ನೋಡಿದ್ದೀರಲ್ಲ? ಆಗ ಈ ಪದರ ಚುರುಕಾಗಿರುತ್ತದೆ.

ಕಸಿಯಲ್ಲಿ ಕೂಡಬೇಕಾದದ್ದು ಈ ಪದರಗಳೇ. ಕಡ್ಡಿ ಸಣ್ಣ, ಬೇರುಗಿಡ ದಪ್ಪ ಇದ್ದರೆ ಕಡ್ಡಿಯನ್ನು ನಡುವೆ ಇಡಬೇಡಿ. ಒಂದು ಬದಿಯ ತೊಗಟೆಯಾದರೂ ತೊಗಟೆಯ ನೇರಕ್ಕೆ ಬರಲಿ. ಚಾಕು ಹರಿತ ಇರಲಿ, ಕೊಯ್ದ ಭಾಗ ಒಣಗದಿರಲಿ. ಕೂಡಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚಲು ಮರೆಯಬೇಡಿ. ಗಿಡ ದಪ್ಪವಾಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ.

ಉಂಗುರ ತೆಗೆದರೆ

ಇಟಲಿಯ ವೈದ್ಯ ಮಾಲ್ಪೀಘಿ 17ನೇ ಶತಮಾನದಲ್ಲೇ ಮರದ ಸುತ್ತ ಉಂಗುರದಂತೆ ತೊಗಟೆ ತೆಗೆದು ನೋಡಿದ್ದ. ಗಾಯದ ಮೇಲುಭಾಗ ಊದಿಕೊಂಡಿತು. ಕೆಳಗಿಳಿಯಬೇಕಾದ ಆಹಾರ ಅಲ್ಲಿ ತಡೆದಿತ್ತು. ಬೀಜವಿಲ್ಲದ ದ್ರಾಕ್ಷಿಗೆ ಕೆಲವೇ ಮಿಲಿಮೀಟರ್ ಅಗಲದ ಉಂಗುರ ತೆಗೆದು ಹಣ್ಣು ದಪ್ಪ ಮಾಡುವುದೂ ಇದೇ ತತ್ವದಲ್ಲಿ. ಕಿರಿದಾದ ಗಾಯ ಕೆಲವು ವಾರದಲ್ಲಿ ಕೂಡಿಕೊಳ್ಳುತ್ತದೆ. ಅಗಲ ಹೆಚ್ಚಾದರೆ ಬೇರು ಉಪವಾಸ ಬಿದ್ದು ಗಿಡ ಸಾಯುತ್ತದೆ.

ನಮ್ಮ ಕೆ.ಆರ್.ಪುರದ ಕಡೆ ಹೊಲಗಳೆಲ್ಲ ಸೈಟುಗಳಾದವು. ಅಡ್ಡ ಬರುವ ಮರವನ್ನು ಸದ್ದಿಲ್ಲದೆ ಕೊಲ್ಲುವ ಉಪಾಯ ಈ ಉಂಗುರವೇ. ನೀರಿನ ನಾಳ ಒಳಗೆ ಉಳಿದಿರುವುದರಿಂದ ಎಲೆ ತಿಂಗಳುಗಟ್ಟಲೆ ಹಸಿರಾಗೇ ಇರುತ್ತೆ, ಯಾರಿಗೂ ಅನುಮಾನ ಬರೋದಿಲ್ಲ. ತಂತಿ ಮಾಡುವುದೂ ಅದನ್ನೇ, ನಿಧಾನವಾಗಿ. ಹಳೇ ಮದ್ರಾಸು ರಸ್ತೆಯಲ್ಲಿ ಹಲಸೂರಿನ ಕಡೆ ಹೋಗುವಾಗ, ಇಂದಿರಾನಗರದ ಒಳರಸ್ತೆಗಳಲ್ಲಿ, ಸಾಲುಮರಗಳನ್ನು ಗಮನಿಸಿ. ಕೇಬಲ್ಲು, ಕಬ್ಬಿಣದ ರಕ್ಷಣಾ ಬೇಲಿ ಕಾಂಡದೊಳಗೆ ಹೂತುಹೋಗಿರುವುದು ಕಾಣುತ್ತದೆ.

ಸೇತುವೆ ಕಸಿ

ನಮ್ಮ ಗಡಿಯ ಮಾವಿನ ಮರಕ್ಕೆ ಯಾರೋ ಒಂದು ಗೇಣು ಅಗಲಕ್ಕೆ ಸುತ್ತಲೂ ತೊಗಟೆ ಸುಲಿದಿದ್ದರು. ಎಲೆ ಇನ್ನೂ ಬಾಡಿರಲಿಲ್ಲ. ಅದೇ ಮರದ ಬೆರಳು ದಪ್ಪದ ಕಡ್ಡಿ ಕತ್ತರಿಸಿ, ಎರಡೂ ತುದಿ ಓರೆ ಕೊಯ್ದು, ಒಂದು ತುದಿ ಗಾಯದ ಕೆಳಗಿನ ತೊಗಟೆಯೊಳಕ್ಕೆ, ಇನ್ನೊಂದು ಮೇಲಿನ ತೊಗಟೆಯೊಳಕ್ಕೆ ಸೇರಿಸಿದೆ. ಸಣ್ಣ ಮೊಳೆ ಹೊಡೆದು ಮೇಣ ಮೆತ್ತಿದೆ. ಹೀಗೆ ಸುತ್ತಲೂ 5 ಕಡ್ಡಿ. 3 ಹಿಡಿದವು, ಮರ ಉಳಿಯಿತು. ನೆನಪಿಡಿ, ಕಡ್ಡಿಯ ಬುಡ ಕೆಳಗೇ ಬರಬೇಕು. ತಲೆಕೆಳಗಾದರೆ ಚೋದಕದ ಹರಿವು ತಿರುಗುಮುರುಗಾಗಿ ಕಸಿ ಸರಿಯಾಗಿ ಹತ್ತದು.

ತೆಂಗಿಗೆ ಈ ಭಾಗ್ಯವಿಲ್ಲ

ತೆಂಗು, ಅಡಿಕೆ, ಬಾಳೆ, ರಾಗಿ ಏಕದಳದವು. ಇವಕ್ಕೆ ಕ್ಯಾಂಬಿಯಂ ಇಲ್ಲ, ನಾಳಗಳು ಕಾಂಡದ ತುಂಬ ಚದುರಿವೆ. ಒಂದು ಉಂಗುರಕ್ಕೆ ತೆಂಗು ಸಾಯದಿರಬಹುದು. ಆದರೆ ಕಡಿದ ನಾಳದ ಜಾಗಕ್ಕೆ ಹೊಸದು ಬರೋದಿಲ್ಲ. ಎಳೆಯದರಲ್ಲಿ ಬಂದ ನಾಳವೇ ಅದಕ್ಕೆ ಕೊನೆತನಕ. ಹತ್ತಲು ಹಾಕಿದ ಕಚ್ಚು ಮುಚ್ಚುವುದಿಲ್ಲ. ರೋಗಕ್ಕೂ ಹುಳಕ್ಕೂ ಅದೇ ಬಾಗಿಲು.

ಅದಕ್ಕೇ ತೆಂಗಿಗೆ ಕಚ್ಚು ಬೇಡ, ಏಣಿಯೋ ಹತ್ತುವ ಯಂತ್ರವೋ ಇರಲಿ. ಮಾವು, ಹಲಸಿಗೆ ತಂತಿ ಬೇಡ, ಬೇಲಿಗೆ ಬೇರೆ ಗೂಟ ನೆಡಿ. ವರ್ಷಕ್ಕೊಮ್ಮೆ ಗಡಿಯ ಮರಗಳ ಬುಡ ಸುತ್ತಿ ಬನ್ನಿ. ಎಲೆ ಹಸಿರಾಗಿದೆ ಅಂತ ಸುಮ್ಮನಿರಬೇಡಿ, ತೊಗಟೆ ಮುಟ್ಟಿ ನೋಡಿ.